ಸೊಳ್ಳೆ, ಶೀಲ ಮತ್ತು ನಿಂತ ನೀರು

*ಇಂದಿನ ಧಮ್ಮ ಚಿಂತನೆ*



ಹೋದ ಭಾನುವಾರ ಹುಣಸೂರಿನಲ್ಲಿ ವಂದನೆ ಮುಗಿಸಿ ಎಲ್ಲರೂ ಟೀ ಲೋಟ ಹಿಡಿದು ಕೂತಿದ್ದೆವು. ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯವರೂ ಬಂದಿದ್ದರು. ಎಂಟನೇ ತರಗತಿ ಓದುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಈಗ ತಾನೆ ಪ್ರಾಣಿ ಕೊಲ್ಲಲ್ಲ ಅಂತ ಶೀಲ ತಗೊಂಡ್ವಿ. ನಾಳೆ ಸ್ಕೂಲಲ್ಲಿ ತೊಟ್ಟಿ ನೀರು ಚೆಲ್ಲಿ ಸೊಳ್ಳೆಮರಿ ಸಾಯಿಸಬೇಕಂತೆ. ಎರಡ್ರಲ್ಲಿ ಯಾವ್ದು ಸರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿರಿಯರೊಬ್ಬರು "ಸೊಳ್ಳೆ ಕಚ್ಚಿದ್ರೆ ಹೊಡಿ ಮಗು, ಬುದ್ಧರೇನೂ ಬೇಡ ಅನ್ನಲ್ಲ" ಎಂದು ಮಾತು ಮುಗಿಸಿದರು. ಹುಡುಗಿ ಸುಮ್ಮನೆ ಕೂತಳು. ಅವಳಿಗೆ ಉತ್ತರ ಸಿಕ್ಕಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ "ಪ್ರಶ್ನೆ ಕೇಳಿ" ಎಂದು ಹೇಳುತ್ತಾ ಬಂದ ಮೇಷ್ಟ್ರು, ಪ್ರಶ್ನೆ ಬಂದಾಗ ನಕ್ಕು ಜಾರಿಕೊಂಡೆ. ಇಂದಿನ ಚಿಂತನೆ ಆ ಮಗುವಿಗೆ ನಾನು ಕೊಡಬೇಕಾಗಿದ್ದ ಉತ್ತರ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

*ಅಜ್ಜಿಯ ಮಾತು*

ನಮ್ಮ ಅವ್ವನ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ಕೋಟೆಗೆ ವರ್ಗವಾಯಿತೆಂದರೆ ಶಿಕ್ಷೆಯಾಯಿತೆಂದು ನೌಕರರು ಹೇಳಿಕೊಳ್ಳುತ್ತಿದ್ದ ಕಾಲ ಅದು. ಕಾಕನಕೋಟೆ ಕಾಡಿನ ಸುತ್ತಿನ ಹಳ್ಳಿಗಳು ಚಳಿಜ್ವರಕ್ಕೆ ಹೆಸರಾಗಿದ್ದವು. ಅವ್ವ ಹುಟ್ಟುವ ಮೊದಲೇ ಅಜ್ಜಿ ಎರಡು ಮಕ್ಕಳನ್ನು ಆ ಜ್ವರಕ್ಕೆ ಕಳೆದುಕೊಂಡಿದ್ದಳು. ದಿನ ಬಿಟ್ಟು ದಿನ ನಡುಕ, ಹೊಟ್ಟೆಯ ಎಡಭಾಗದಲ್ಲಿ ಜ್ವರಗಡ್ಡೆ, ಕೈಕಾಲು ಕಡ್ಡಿ. ಎರಡನೆಯ ಮಗುವಿಗೆ ನಾಲ್ಕು ವರ್ಷವಾಗಿತ್ತಂತೆ.

ಅಜ್ಜಿ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳು: "ನಾನು ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ನೋ ಮಗ." ನಾನು ಚಿಕ್ಕವನಿದ್ದಾಗ ಈ ಮಾತನ್ನು ಕೇಳಿ ಕೇಳಿ, ಅಜ್ಜಿ ನಿಜಕ್ಕೂ ಏನೋ ಮಾಡಿರಬೇಕು ಎಂದೇ ಅಂದುಕೊಂಡಿದ್ದೆ.

ದೊಡ್ಡವನಾದ ಮೇಲೆ ಅವ್ವನನ್ನು ಕೂರಿಸಿಕೊಂಡು ಆ ಊರಿನ ಬಗ್ಗೆ ಕೇಳಿದೆ. ಕೇರಿ ಎಲ್ಲಿತ್ತು? ಕೆರೆ ಏರಿಯ ಕೆಳಗೆ, ಜೌಗಿನಲ್ಲಿ. ಕುಡಿಯುವ ನೀರು ಎಲ್ಲಿಂದ? ಊರ ಬಾವಿಗೆ ನಮ್ಮವರು ಇಳಿಯುವ ಹಾಗಿರಲಿಲ್ಲ, ಹಳ್ಳದ ಪಕ್ಕ ಒರತೆ ಗುಂಡಿ ತೋಡಿಕೊಂಡಿದ್ದರು. ಮರಳಿನಲ್ಲಿ ಸೋಸಿ ಬಂದ ತಿಳಿ ನೀರು, ಕನ್ನಡಿಯ ಹಾಗೆ ಇರುತ್ತಿತ್ತು ಎಂದಳು ಅವ್ವ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಲ್ಲಿ ನಮ್ಮ ನಾಡಿನ ಮುಖ್ಯವಾದವು ಮೊಟ್ಟೆಯಿಡುವುದು ಕೊಚ್ಚೆಯಲ್ಲಲ್ಲ, ತಿಳಿ ನೀರಿನಲ್ಲಿ. ಕಾಡು ಬೆಟ್ಟದ ಕಡೆ ಫ್ಲುವಿಯಾಟಿಲಿಸ್ ಎಂಬ ಜಾತಿ, ಮೆಲ್ಲಗೆ ಹರಿಯುವ ತೊರೆಯ ಅಂಚಿನಲ್ಲಿ. ಬಯಲು ಸೀಮೆಯಲ್ಲಿ ಕ್ಯುಲಿಸಿಫೇಸೀಸ್ ಎಂಬ ಜಾತಿ, ಬಾವಿ, ನಾಲೆಯ ಸೋರಿಕೆ, ಹೊಳೆಯ ಗುಂಡಿ, ಹೊಸದಾಗಿ ನೀರು ಕಟ್ಟಿದ ಗದ್ದೆಗಳಲ್ಲಿ. ನಮ್ಮ ಅಜ್ಜಿಯ ಒರತೆ ಗುಂಡಿ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ.

ಈಗ ಸರಪಳಿ ನೋಡಿ. ಅಸ್ಪೃಶ್ಯತೆ ಇದ್ದುದರಿಂದ ಬಾವಿ ಇಲ್ಲ. ಬಾವಿ ಇಲ್ಲದ್ದರಿಂದ ಒರತೆ ಗುಂಡಿ. ಗುಂಡಿ ಇದ್ದುದರಿಂದ ಮನೆಯ ಪಕ್ಕದಲ್ಲೇ ಸೊಳ್ಳೆ. ಸೊಳ್ಳೆ ಇದ್ದುದರಿಂದ ಜ್ವರ. ಜ್ವರದಿಂದ ಎರಡು ಮಕ್ಕಳ ಸಾವು. ಇಷ್ಟೆಲ್ಲ ಆದ ಮೇಲೆ ಕೊನೆಯ ಕೊಂಡಿಯಾಗಿ ಬಂದದ್ದು "ನಿನ್ನ ಹಿಂದಿನ ಜನ್ಮದ ಪಾಪ" ಎಂಬ ಮಾತು. ಬಾವಿ ಕೊಡದವರ ತಪ್ಪು ಮಕ್ಕಳನ್ನು ಕಳೆದುಕೊಂಡ ತಾಯಿಯ ತಲೆಯ ಮೇಲೆ ಬಂದು ಕೂತಿತು. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚೌದಾರ ಕೆರೆಯ ನೀರು ಮುಟ್ಟಿದ್ದು ಮಾನವ ಘನತೆಗಾಗಿ ಎಂದು ನಾವು ಹೇಳುತ್ತೇವೆ, ಅದು ಸರಿ. ಆದರೆ ನೀರಿನ ಹಕ್ಕು ಎಂದರೆ ಮಕ್ಕಳ ಆಯಸ್ಸು ಕೂಡ ಎಂಬುದು ನನಗೆ ಅರ್ಥವಾದದ್ದು ಅವ್ವನ ಜೊತೆ ಕೂತ ಆ ಸಂಜೆ.

*ಬುದ್ಧರು ಏನು ಹೇಳಿದರು*

ರಾಜಗೃಹದ ವೇಳುವನದಲ್ಲಿ ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ತಾವು ಏನೆನ್ನುತ್ತೀರಿ? ಬುದ್ಧರು ಹಾಗೆ ಹೇಳುವುದು ತಪ್ಪು ಎನ್ನುತ್ತಾರೆ. ಪಿತ್ತದಿಂದ, ಕಫದಿಂದ, ವಾತದಿಂದ, ಇವು ಕೂಡಿದ್ದರಿಂದ, ಋತು ಬದಲಾದುದರಿಂದ, ಅಜಾಗ್ರತೆಯಿಂದ, ಹೊರಗಿನ ಪೆಟ್ಟಿನಿಂದ ಕೂಡ ನೋವು ಹುಟ್ಟುತ್ತದೆ. ಕರ್ಮ ಎಂಬುದು ಆ ಪಟ್ಟಿಯಲ್ಲಿ ಎಂಟರಲ್ಲಿ ಒಂದು ಮಾತ್ರ. ಎಲ್ಲವೂ ಕರ್ಮ ಎನ್ನುವವರು ತಾವು ಕಂಡದ್ದನ್ನೂ ಲೋಕ ಬಲ್ಲದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎನ್ನುತ್ತಾರೆ. ಇದು ಸಂಯುತ್ತ ನಿಕಾಯದಲ್ಲಿದೆ. ನಮ್ಮ ಅಜ್ಜಿಗೆ ಈ ಮಾತನ್ನು ಹೇಳುವವರು ಯಾರೂ ಇರಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ವಿಧಿ ಎಂದು ಕೈಕಟ್ಟಿ ಕೂರುವ ಬುದ್ಧಿ ನಮ್ಮ ದೇಶದವರಿಗೆ ಮಾತ್ರ ಇತ್ತು ಎಂದು ತಿಳಿಯಬೇಡಿ. ರೊನಾಲ್ಡ್ ರಾಸ್ ಎಂಬ ವೈದ್ಯ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದರು. ಕೋಣೆಯ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಮರಿಗಳು ಒದ್ದಾಡುವುದನ್ನು ಕಂಡು ಅದನ್ನು ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಹಾಗೇ ಮಾಡೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನು ಏನೋ ಉದ್ದೇಶಕ್ಕಾಗಿಯೇ ಸೃಷ್ಟಿಸಿರಬೇಕು, ಪ್ರಕೃತಿಯ ಕ್ರಮ ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಆತನ ವಾದ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. "ಸಹಿಸಿಕೋ" ಎನ್ನುವವನಿಗೂ "ಕಾರಣ ಹುಡುಕು" ಎನ್ನುವವನಿಗೂ ಇರುವ ವ್ಯತ್ಯಾಸ ಇಷ್ಟೇ. ದುಃಖವಿದೆ, ದುಃಖಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ಹೋಗುತ್ತದೆ, ಅದಕ್ಕೆ ಮಾರ್ಗವಿದೆ. ಆರ್ಯಸತ್ಯಗಳು ಒಳ್ಳೆಯ ವೈದ್ಯನ ಕ್ರಮದಲ್ಲೇ ಇವೆ.

*ಗೆಲ್ಲುವ ಹಟ, ತಿಳಿಯುವ ಶ್ರಮ*

ಕಾರಣ ಸೊಳ್ಳೆ ಎಂದು ಗೊತ್ತಾಯಿತು. ಹಾಗಾದರೆ ಎಲ್ಲ ಸೊಳ್ಳೆಯನ್ನೂ ಕೊಂದುಬಿಟ್ಟರೆ ಆಯಿತಲ್ಲ? ನಮ್ಮ ದೇಶ ಅದನ್ನೂ ಮಾಡಿ ನೋಡಿದೆ.

ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಅವ್ವನಿಗೆ ಅದು ಚೆನ್ನಾಗಿ ನೆನಪಿದೆ. ಸರ್ಕಾರದ ಕೆಲಸದವರು ನಮ್ಮ ಕೇರಿಯ ಗುಡಿಸಲಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು ಎನ್ನುತ್ತಾಳೆ. ಕೇರಿ ಬಿಟ್ಟು ಊರಿಗೆ ಮಾತ್ರ ಔಷಧಿ ಹೊಡೆದರೆ ಊರೂ ಉಳಿಯುತ್ತಿರಲಿಲ್ಲ. ಧರ್ಮಶಾಸ್ತ್ರ ಒಪ್ಪದ ಸಮಾನತೆಯನ್ನು ಒಂದು ಸೊಳ್ಳೆ ಒಪ್ಪಿಸಿತು!

1965ರ ಹೊತ್ತಿಗೆ ದೇಶದಲ್ಲಿ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ನಮ್ಮ ಅವ್ವ ಬದುಕಿ ಉಳಿದಿದ್ದು, ನಾನು ಹುಟ್ಟಿದ್ದು ಆ ಕೆಲಸದಿಂದಲೇ ಇರಬಹುದು. ಅದನ್ನು ಮರೆತು ಡಿಡಿಟಿಯನ್ನು ಬೈಯುವುದು ಕೃತಘ್ನತೆ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸೊಳ್ಳೆಗಳಿಗೆ ಆ ಔಷಧಿ ತಡೆದುಕೊಳ್ಳುವ ಶಕ್ತಿ ಬಂತು. ಗೆದ್ದೆವು ಎಂದುಕೊಂಡು ಮೇಲ್ವಿಚಾರಣೆ ಸಡಿಲವಾಯಿತು. 1976ರಲ್ಲಿ ಪ್ರಕರಣಗಳು ಮತ್ತೆ 64 ಲಕ್ಷಕ್ಕೆ ಏರಿದವು.

ಇದಕ್ಕೆ ಬೇರೆಯಾದ ಇನ್ನೊಂದು ದಾರಿಯೂ ನಮ್ಮ ಸೀಮೆಯಲ್ಲೇ ಇತ್ತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ವೀಟ್ ಮತ್ತು ಬಿ.ಎ. ರಾವ್ ಎಂಬ ಇಬ್ಬರು ಸೊಳ್ಳೆಗಳನ್ನು ಕೂತು ಅಧ್ಯಯನ ಮಾಡಿದರು. ಸ್ಟೀಫನ್ಸೈ ಎಂಬ ಅನಾಫಿಲಿಸ್ ಜಾತಿಯ ಮೊಟ್ಟೆಯ ಪಕ್ಕದ ತೇಲುಚೀಲದ ಮೇಲಿನ ಗೆರೆಗಳನ್ನು ಎಣಿಸಿ, ಒಂದೇ ಎಂದು ಕಾಣುವ ಸೊಳ್ಳೆಯಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು 1937ರಲ್ಲಿ ತೋರಿಸಿದರು. ಪಟ್ಟಣದ ಬಗೆ ರೋಗ ಹರಡುವುದರಲ್ಲಿ ಜೋರು. ಹಳ್ಳಿಯ ಬಗೆ ಅಷ್ಟಿಲ್ಲ. ಆ ಹಳ್ಳಿಯ ಬಗೆಗೆ "ಮೈಸೊರೆನ್ಸಿಸ್" ಎಂದು ನಮ್ಮ ಮೈಸೂರಿನದೇ ಹೆಸರು. ಇದೇ ಬಿ.ಎ. ರಾವ್ ಅವರು 1928ರಲ್ಲಿ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು ಇಟಲಿಯಿಂದ ಬೆಂಗಳೂರಿಗೆ ತಂದವರು.

ಮುಂದೆ ಕೋಲಾರದ ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯವರು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಮಲೇರಿಯಾ ಇಳಿಸಿದರು. ರೇಷ್ಮೆ ಸಾಕುವ ಮನೆಗಳವರು ಹುಳು ಸಾಯುತ್ತವೆಂದು ಔಷಧಿ ಹೊಡೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಅಂಥ ಕಡೆ ಮೀನು ಕೆಲಸ ಮಾಡಿತು. ಇಲ್ಲೂ ತಿಳಿಯುವ ಶ್ರಮ ಮೊದಲು ಬಂತು. ಕ್ಯುಲಿಸಿಫೇಸೀಸ್ ಸೊಳ್ಳೆಯಲ್ಲಿ ನೋಡಲು ಒಂದೇ ಆದರೂ ಒಳಗೆ ಬೇರೆಯಾದ ಬಗೆಗಳಿವೆ. ಅವುಗಳಲ್ಲಿ ರೋಗ ಹರಡುವ ಬಗೆ ಅಲ್ಲಿ ಹೆಚ್ಚಾಗಿ ಬಾವಿಯಲ್ಲಿ ಹುಟ್ಟುತ್ತಿತ್ತು. ಹಾಗಾಗಿ ಊರಿನ ಎಲ್ಲ ನೀರಿನ ಹಿಂದೆ ಬೀಳುವ ಬದಲು ಬಾವಿ ನೋಡಿಕೊಂಡರೆ ಹೆಚ್ಚಿನ ಕೆಲಸ ಆಗುತ್ತಿತ್ತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಲಾಜಾಥಾ ಮಾಡಿ, ಹಾಡು ಬೀದಿನಾಟಕದಿಂದ ಹಳ್ಳಿಯವರಿಗೆ ಇದನ್ನು ತಿಳಿಸಿದರು.

ನೀರನ್ನೇ ಹತೋಟಿಯಲ್ಲಿಡುವ ಉಪಾಯಗಳೂ ಇವೆ. ಅಮೆರಿಕದ ಟೆನ್ನೆಸ್ಸಿ ಕಣಿವೆಯಲ್ಲಿ ಜಲಾಶಯದ ನೀರಿನ ಮಟ್ಟವನ್ನು ಆಗಾಗ ಏರಿಸಿ ಇಳಿಸಿ ಸೊಳ್ಳೆಮರಿಗಳನ್ನು ದಡಕ್ಕೆ ಹಾಕುತ್ತಿದ್ದರು. ದಕ್ಷಿಣ ಭಾರತದಲ್ಲಿ ಭತ್ತದ ಗದ್ದೆಗೆ ಬಿಟ್ಟು ಬಿಟ್ಟು ನೀರು ಹಾಯಿಸುವ ಪ್ರಯೋಗಗಳು ನಡೆದಿದ್ದವು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರಕ್ಕಿಂತ ಹೆಚ್ಚು ಬೇಕು. ನಡುವೆ ಗದ್ದೆ ಆರಿದರೆ ಸೊಳ್ಳೆ ಆಗುವುದೇ ಇಲ್ಲ. ಕೆ.ಆರ್. ನಗರದ ನಾಲೆ ಬಯಲಿನ ನಮ್ಮ ಬಂಧುಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಟೆನ್ನೆಸ್ಸಿ ಮಾದರಿಯನ್ನು ದಾಮೋದರ ಕಣಿವೆಗೆ ತರಲು ದುಡಿದವರಲ್ಲಿ ಬಾಬಾಸಾಹೇಬರೂ ಒಬ್ಬರು. 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ತು ಅವರ ಕೈಯಲ್ಲಿತ್ತು. 1945ರ ನವೆಂಬರ್‌ನಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ಮಾತಾಡುವಾಗ ಅವರು ಪ್ರವಾಹ, ಬರಗಳ ಜೊತೆಗೆ ಜನರ ಅನಾರೋಗ್ಯ, ಮಲೇರಿಯಾವನ್ನೂ ಸೇರಿಸಿ ನೋಡಿದರು. ನೀರು, ಬಡತನ, ಜ್ವರ ಮೂರೂ ಒಂದೇ ಪ್ರಶ್ನೆ ಎಂಬುದು ಅವರಿಗೆ ಗೊತ್ತಿತ್ತು.

*ಈಗ ಮಗುವಿನ ಪ್ರಶ್ನೆಗೆ*

ಕೊಲ್ಲಬಾರದೆಂಬ ಶೀಲ ಏನಾಯಿತು? "ಸೊಳ್ಳೆ ತಾನೆ, ಪರವಾಗಿಲ್ಲ" ಎಂದು ನಾನು ಹೇಳಲಾರೆ. ನೀರಿನಲ್ಲಿ ಜೀವಿಗಳಿವೆ ಎಂದು ತಿಳಿದೂ ಅದನ್ನು ಹುಲ್ಲಿನ ಮೇಲೆ ಚೆಲ್ಲಬಾರದೆಂದು ಭಿಕ್ಷುಗಳಿಗೆ ವಿನಯದಲ್ಲಿ ನಿಯಮವಿದೆ. ಹುಡುಗಿಯ ಸಂಕೋಚಕ್ಕೆ ಎರಡೂವರೆ ಸಾವಿರ ವರ್ಷದ ಬೇರು ಇದೆ. ನಾವು ನಗಬಾರದಿತ್ತು.

ಅದೇ ವಿನಯದಲ್ಲಿ, ಚುಲ್ಲವಗ್ಗದಲ್ಲಿ, ಇನ್ನೊಂದು ಚಿಕ್ಕ ಮಾತಿದೆ. ಭಿಕ್ಷುಗಳು ಸೊಳ್ಳೆ ಕಾಟದಿಂದ ಬಳಲುತ್ತಿದ್ದರು. ಬುದ್ಧರಿಗೆ ತಿಳಿಸಿದಾಗ ಸಹಿಸಿಕೊಳ್ಳಿ ಎನ್ನಲಿಲ್ಲ, ಕೊಲ್ಲಿ ಎಂದೂ ಹೇಳಲಿಲ್ಲ. ಸೊಳ್ಳೆಪರದೆಗೆ ಅನುಮತಿ ಕೊಟ್ಟರು. ನನಗೆ ಇದು ಬಹಳ ದೊಡ್ಡ ಉತ್ತರವಾಗಿ ಕಾಣುತ್ತದೆ. ಹಿಂಸೆಯಿಲ್ಲದೆ ಕಾಪಾಡಿಕೊಳ್ಳುವ ದಾರಿ ಇರುವಾಗ ಮೊದಲು ಅದನ್ನೇ ಹಿಡಿ.

"ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಕಟ್ಟುನಿಯಮವಾಗಿ ನೋಡಲಿಲ್ಲ, ತತ್ವವಾಗಿ ನೋಡಿದರು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ವಿಂಗಡಿಸಿದರು. ಆದರೆ ಅಗತ್ಯ ಎಂಬ ಮಾತನ್ನು ನಾವು ಸೋಮಾರಿತನಕ್ಕೆ ಬಳಸಬಾರದು. ಅಗತ್ಯ ಬಾರದ ಹಾಗೆ ಮೊದಲೇ ನೋಡಿಕೊಂಡೆವೇ ಎಂಬುದು ನಿಜವಾದ ಪ್ರಶ್ನೆ. ನನಗೆ ತಿಳಿದ ಮಟ್ಟಿಗೆ ಕ್ರಮ ಹೀಗಿದೆ:

1. ಮೊಟ್ಟೆಯಿಡಲು ನೀರೇ ಸಿಗದ ಹಾಗೆ ಮಾಡುವುದು. ತೊಟ್ಟಿ, ಡ್ರಮ್ ಮುಚ್ಚುವುದು, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದು, ಟೈರು, ಚಿಪ್ಪು, ಒಡೆದ ಮಡಕೆ ತೆಗೆಯುವುದು. ಹುಟ್ಟೇ ಇಲ್ಲದಿದ್ದರೆ ಕೊಲೆಯೂ ಇಲ್ಲ.
2. ಪರದೆ ಕಟ್ಟುವುದು, ಮಕ್ಕಳಿಗೆ ಮೈಮುಚ್ಚುವ ಬಟ್ಟೆ ಹಾಕುವುದು.
3. ರೋಗಿಯನ್ನು ಪೂರ್ತಿ ಗುಣಪಡಿಸುವುದು. ಮಲೇರಿಯಾ ಸೊಳ್ಳೆಯಲ್ಲಿ ತಾನಾಗಿ ಹುಟ್ಟುವುದಿಲ್ಲ, ರೋಗಿಯ ರಕ್ತದಿಂದ ಸೊಳ್ಳೆಗೆ ಬರುತ್ತದೆ. ವೈವ್ಯಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದಕ್ಕೇ ವೈದ್ಯರು 14 ದಿನದ ಮಾತ್ರೆ ಕೊಡುವುದು. ಜ್ವರ ಬಿಟ್ಟಿತೆಂದು ನಾಲ್ಕೇ ದಿನಕ್ಕೆ ನಿಲ್ಲಿಸಿದರೆ ನೆರೆಯವರಿಗೂ ಅಪಾಯ. ರೋಗಿಯ ಶುಶ್ರೂಷೆ ಮಾಡಿದವನು ನನ್ನ ಶುಶ್ರೂಷೆ ಮಾಡಿದ ಹಾಗೆ ಎಂದವರು ಬುದ್ಧರು.
4. ಬಾವಿ, ದೊಡ್ಡ ತೊಟ್ಟಿಗಳಿಗೆ ಮೀನು. ಇಲ್ಲಿ ನಮ್ಮ ಕೈವಾಡ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಗ್ಯಾಂಬೂಸಿಯಾ ಬೇರೆ ಮೀನಿನ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಹಾಗಾಗಿ ಹೊಳೆ, ಕೆರೆಗೆ ಬಿಡದೆ ಮುಚ್ಚಿದ ನೀರಿಗೆ ಮಾತ್ರ, ಆರೋಗ್ಯ ಇಲಾಖೆಯವರು ಹೇಳಿದ ಹಾಗೆ.
5. ರೋಗ ಹರಡುತ್ತಿರುವಾಗ ಔಷಧಿ. ಮಗುವಿನ ಜೀವದ ಮುಂದೆ ಇದು ಅಗತ್ಯ. ಮಾಡೋಣ, ಆದರೆ ಹಿಂದಿನ ನಾಲ್ಕನ್ನು ಮಾಡದೆ ಇದಕ್ಕೆ ಬಂದಿದ್ದರೆ ನಮ್ಮದೂ ತಪ್ಪಿದೆ ಎಂದು ತಿಳಿದು ಮಾಡೋಣ.

*ನನ್ನ ತಪ್ಪು*

ಮಲೇರಿಯಾ ಈಗ ನಮ್ಮ ಕಡೆ ವಿರಳ. ಆ ಜಾಗಕ್ಕೆ ಡೆಂಗಿ ಬಂದಿದೆ. ಅದನ್ನು ಹರಡುವುದು ಈಡಿಸ್, ಹಗಲು ಕಚ್ಚುವ ಸೊಳ್ಳೆ. ಅದರ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಇರಬಲ್ಲದು. ನೀರು ಚೆಲ್ಲಿದರೆ ಸಾಲದು, ಉಜ್ಜಲೇಬೇಕು ಎನ್ನುವುದು ಅದಕ್ಕೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಕೆಲವು ವರ್ಷದ ಹಿಂದೆ ನಾನಿದ್ದ ಶಾಲೆಯಲ್ಲಿ ಆರನೇ ತರಗತಿಯ ಒಬ್ಬ ಹುಡುಗನಿಗೆ ಡೆಂಗಿ ಬಂತು. ಒಂದು ವಾರ ಆಸ್ಪತ್ರೆಯಲ್ಲಿದ್ದ. ಅವನ ತಾಯಿ ಕೂಲಿ ಬಿಟ್ಟು ಪಕ್ಕದಲ್ಲೇ ಕೂತಿದ್ದಳು. ನಾನು ನೋಡಲು ಹೋದಾಗ "ನಮ್ ಹಣೆಬರಹ ಸಾರ್" ಎಂದಳು. ನಾನು ಸಮಾಧಾನ ಹೇಳಿ, ಫಾಗಿಂಗ್ ಮಾಡದವರನ್ನು ಬೈದು ಬಂದೆ. ಮಾರನೆಯ ದಿನ ಆಶಾ ಕಾರ್ಯಕರ್ತೆ ಶಾಲೆಗೆ ಬಂದು, ಶೌಚಾಲಯದ ಪಕ್ಕದ ಸಿಮೆಂಟ್ ತೊಟ್ಟಿಗೆ ಟಾರ್ಚ್ ಬಿಟ್ಟು, "ಮೇಷ್ಟ್ರೇ, ಸ್ವಲ್ಪ ಇಲ್ಲಿ ನೋಡಿ" ಎಂದರು. ಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಆ ತೊಟ್ಟಿ ನೋಡಿಕೊಳ್ಳುವ ಜವಾಬ್ದಾರಿ ನನ್ನದೇ ಆಗಿತ್ತು. ಕಚ್ಚಿದ ಸೊಳ್ಳೆ ಅಲ್ಲೇ ಹುಟ್ಟಿದ್ದೋ ಇಲ್ಲವೋ ಹೇಳಲಾಗದು. ಆದರೆ ಈಡಿಸ್ ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವ ಸೊಳ್ಳೆಯಲ್ಲ. ಹುಡುಗ ಗುಣವಾಗಿ ಬಂದ. ಅವನ ತಾಯಿಗೆ "ಹಣೆಬರಹ ಅಲ್ಲಮ್ಮ, ನಾನು ತೊಟ್ಟಿ ಉಜ್ಜಿಸಲಿಲ್ಲ" ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಅಜ್ಜಿಯ ತಲೆಯ ಮೇಲೆ ಕೂತಿದ್ದ ಆ ಮಾತು ಇನ್ನೊಬ್ಬ ತಾಯಿಯ ತಲೆಯ ಮೇಲೆ ಕೂತಾಗ ನಾನೂ ಸುಮ್ಮನಿದ್ದೆ. ಆ ಮೌನವೂ ಶೀಲಭಂಗವೇ.

*ಎರಡೂ ಕೈ ಬೇಕು*

ಒಂದು ಎಚ್ಚರಿಕೆ. "ನಿಮ್ಮ ಮನೆ ಗಲೀಜು, ಅದಕ್ಕೇ ಜ್ವರ" ಎಂದು ಬಡವರ ಕಡೆ ಬೆರಳು ತೋರಿಸುವವರೂ ಇದ್ದಾರೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಬಿಟ್ಟ ಹಳ್ಳಿಯ ಮನೆಗೆ 200, ಪಟ್ಟಣದ ಮನೆಗೆ 400 ರೂಪಾಯಿ ದಂಡ ಇಟ್ಟಿತು. ನಿಯಮ ಬೇಕು, ನಿಜ. ಆದರೆ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ ಡ್ರಮ್ ತುಂಬಿಡದೆ ಏನು ಮಾಡುವುದು? ಅಜ್ಜಿ ಒರತೆ ತೋಡಿದ್ದೂ ಅದೇ ಕಾರಣಕ್ಕೆ. ಡ್ರಮ್ಮಿಗೆ ಮುಚ್ಚಳ ಹಾಕುವುದು ನಮ್ಮ ಕೆಲಸ. ದಿನವೂ ನೀರು ಕೇಳುವುದು, ಕೇರಿಯ ಚರಂಡಿಗೆ ಇಳಿಜಾರು ಕೇಳುವುದು, ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಬರೆಸುವುದೂ ನಮ್ಮ ಕೆಲಸ. ಮೊದಲನೆಯದು ಮಾಡಿ ಎರಡನೆಯದು ಬಿಟ್ಟರೆ ಗುಲಾಮಗಿರಿ. ಎರಡನೆಯದು ಮಾಡಿ ಮೊದಲನೆಯದು ಬಿಟ್ಟರೆ ನಾನು ಮಾಡಿದ ತಪ್ಪು.

ಮಗು, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ನಾಳೆ ತೊಟ್ಟಿಯ ನೀರು ಚೆಲ್ಲು, ನಾನೂ ಜೊತೆಗೆ ಬರುತ್ತೇನೆ. ಸಾಯುವ ಮರಿಗಳ ಬಗ್ಗೆ ನಿನಗೆ ಆಗುವ ಸಂಕಟವನ್ನು ಬಿಡಬೇಡ, ಅದು ಒಳ್ಳೆಯದು. ಚೆಲ್ಲಿದ ಮೇಲೆ ಗೋಡೆ ಉಜ್ಜು, ಮುಚ್ಚಳ ಹಾಕು. ಮುಂದಿನ ವಾರ ಅಲ್ಲಿ ಕೊಲ್ಲಲು ಏನೂ ಇರಬಾರದು. ಶೀಲ ಪಾಲಿಸಿದ್ದು ಆಗ ಗೊತ್ತಾಗುತ್ತದೆ.

ಬಂಧುಗಳೇ, ಈ ವಾರ ಒಂದು ದಿನ ಗೊತ್ತುಮಾಡಿಕೊಂಡು ನಿಮ್ಮ ಮನೆಯ ತೊಟ್ಟಿ, ಡ್ರಮ್ ಬರಿದು ಮಾಡಿ ಉಜ್ಜಿ. ಪಕ್ಕದಲ್ಲಿ ಒಬ್ಬರೇ ಇರುವ ಅಜ್ಜಿ ತಾತ ಇದ್ದರೆ ಅವರದನ್ನೂ ಉಜ್ಜಿಕೊಡಿ. ಯಾರಾದರೂ "ಹಣೆಬರಹ" ಎಂದರೆ ಸುಮ್ಮನೆ ಬರಬೇಡಿ, ಪಕ್ಕದಲ್ಲಿ ಕೂತು ಕಾರಣ ಹೇಳಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.